ಸುಶೀಲತ್ತೆ ಹೇಳಿದ ಬೇರಿನ ಕತೆ

ಸುಟ್ಟ ಸುಣ್ಣದ ಕಲ್ಲಿನ ಮೇಲೆ ನೀರು ಬಿದ್ದಾಗ ಏಳುವ ಬಿಸಿ ವಾಸನೆ ಎಂದಾದರೂ ನಿಮ್ಮ ಮೂಗಿಗೆ ಬಿದ್ದಿದ್ದರೆ, ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ. ಮೊನ್ನೆ ಯಲಹಂಕದ ನಮ್ಮ ಬೀದಿಯ ಕೊನೆಯಲ್ಲಿರುವ ಅಪಾರ್ಟ್‌ಮೆಂಟಿನ ಮಾಲಿ ಒಂದು ಬಕೆಟ್ಟಿನಲ್ಲಿ ಸುಣ್ಣ ಕದಡಿ, ಇನ್ನೊಂದರಲ್ಲಿ ಮೈಲುತುತ್ತ ಕರಗಿಸಿ, ಎರಡನ್ನೂ ನಿಧಾನವಾಗಿ ಒಂದಕ್ಕೊಂದು ಸೇರಿಸುತ್ತಿದ್ದರು. ಆಕಾಶದ ಬಣ್ಣದ ನೀರು. ಗಿಡಗಳಿಗೆ ಬೂಷ್ಟು ಹಿಡಿಯದಿರಲಿ ಎಂದು ಹೊಡೆಯುವ ಔಷಧಿ ಅದು. ನಾನು ತರಕಾರಿ ಚೀಲ ಹಿಡಿದುಕೊಂಡು ಗೇಟಿನ ಹೊರಗೆ ನಿಂತೆ. ನಾಲಿಗೆಯ ತುದಿಗೆ ತಾಮ್ರದ ಒಗರು ಬಂತು. ಅಷ್ಟೇ. ಮಾಲಿ ತಲೆ ಎತ್ತಿ, "ಏನ್ ಬೇಕಮ್ಮ?" ಎಂದು ಕೇಳಿದರು. ಏನೂ ಬೇಡ ಎಂದು ಹೇಳಿ ಮನೆಗೆ ಬಂದೆ. ತರಕಾರಿಯನ್ನು ತೊಳೆದು ಇಟ್ಟೆ. ಆಮೇಲೆ ಇದನ್ನು ಬರೆಯಲು ಕೂತೆ.

ನಮ್ಮ ಮನೆ ಬಾಗಲೂರಿನಿಂದ ಯಲಹಂಕದ ಕಡೆಗೆ ಬರುವ ದಾರಿಯಲ್ಲಿ, ದ್ರಾಕ್ಷಿ ತೋಟದ ಮಧ್ಯೆ ಇತ್ತು. ಕೆಂಪು ಹೆಂಚಿನ, ಉದ್ದಕ್ಕೆ ಚಾಚಿಕೊಂಡ ಮನೆ. ಮುಂದೆ ಸೆಗಣಿ ಸಾರಿಸಿದ ಅಂಗಳ, ಅಂಗಳ ಮುಗಿಯುತ್ತಿದ್ದಂತೆ ಕಲ್ಲುಕಂಬಗಳ ಸಾಲು, ಕಂಬದಿಂದ ಕಂಬಕ್ಕೆ ಎಳೆದ ತಂತಿ, ತಂತಿಯ ಮೇಲೆ ಹಬ್ಬಿದ ಬಳ್ಳಿಯ ಚಪ್ಪರ. ಹೊರಗೆ ಬಿಸಿಲು ಸುಡುತ್ತಿದ್ದರೂ ಚಪ್ಪರದ ಕೆಳಗೆ ಹಸಿರು ನೆರಳು ತಣ್ಣಗಿರುತ್ತಿತ್ತು. ಹಣ್ಣು ಬರುವ ಕಾಲದಲ್ಲಿ ಆ ಕಪ್ಪು ದ್ರಾಕ್ಷಿಯ ಗಾಢ ವಾಸನೆ ನಮ್ಮ ಬಟ್ಟೆ, ಹಾಸಿಗೆ, ಕೊನೆಗೆ ಅನ್ನಕ್ಕೂ ಹತ್ತಿಕೊಳ್ಳುತ್ತಿತ್ತು. ತಾತ ಬೆಳಗಾಗುತ್ತಲೇ ಸಾಲುಗಳ ಮಧ್ಯೆ ಸುತ್ತಾಡುತ್ತಿದ್ದರು. ಅಜ್ಜಿ ಜಗುಲಿಯಲ್ಲಿ ಕೂತು ಅವರೆಕಾಳು ಸುಲಿಯುತ್ತಿದ್ದಳು. ಅಪ್ಪ ಇದೇ ನೀಲಿ ಔಷಧಿಯ ಕ್ಯಾನು ಬೆನ್ನಿಗೆ ಕಟ್ಟಿಕೊಂಡು ಬಂದರೆ ಅವರ ರೆಪ್ಪೆಗಳೆಲ್ಲ ನೀಲಿ. ಅಮ್ಮ ಒಲೆಯ ಮುಂದೆ. ನಾನು, ನನಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಸಿಂಧು. ಇಷ್ಟು ಜನರ ಜೊತೆಗೆ ಸುಶೀಲತ್ತೆ.

ಸುಶೀಲತ್ತೆ ಅಪ್ಪನ ತಂಗಿ. ಅವಳನ್ನು ದೊಡ್ಡಬಳ್ಳಾಪುರದ ಕಡೆಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ಬಸ್ಸಿನಿಂದ ಇಳಿದು ಬಂದಳಂತೆ. ಯಾಕೆಂದು ನಮ್ಮ ಮನೆಯಲ್ಲಿ ಯಾರೂ ನಮ್ಮ ಮುಂದೆ ಮಾತಾಡಿದ್ದಿಲ್ಲ. ಅಪ್ಪ ಅವತ್ತು ಟ್ರಂಕನ್ನು ತಾವೇ ಒಳಗೆ ತಂದಿಟ್ಟು, "ಇಲ್ಲೇ ಇರು" ಎಂದಷ್ಟೇ ಹೇಳಿದರೆಂದು ಅಜ್ಜಿ ಹೇಳುತ್ತಿದ್ದಳು. ಅತ್ತೆ ತೆಳ್ಳಗೆ, ಎತ್ತರಕ್ಕೆ ಇದ್ದಳು. ನಡೆಯುವಾಗ ಚಪ್ಪರದ ತಂತಿ ತಾಗದಂತೆ ತಲೆ ತಗ್ಗಿಸಿ ನಡೆದು ನಡೆದು, ಬಯಲಿನಲ್ಲೂ ಹಾಗೇ ನಡೆಯುವ ಅಭ್ಯಾಸವಾಗಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ನಮ್ಮ ಪಠ್ಯಪುಸ್ತಕ ಕೈಗೆ ಸಿಕ್ಕರೆ ಬಿಡುತ್ತಿರಲಿಲ್ಲ. ಇಂಗ್ಲಿಷ್ ಅವಳಿಗೆ ಓದಲು ಬರುತ್ತಿರಲಿಲ್ಲ. ಚಿತ್ರ ನೋಡುತ್ತಿದ್ದಳು. "ಇದ್ರಾಗೆ ಏನ್ ಬರ್ದವ್ರೆ, ಏಳೇ ಸೌಮಿ" ಎಂದು ನನ್ನನ್ನು ಕೂರಿಸಿಕೊಂಡು, ನಾನು ಹೇಳಿದ್ದನ್ನೆಲ್ಲ ಕೇಳಿ, ಒಂದು ಸುತ್ತು ತೋಟಕ್ಕೆ ಹೋಗಿ ಬರುತ್ತಿದ್ದಳು. ಬರುವಷ್ಟರಲ್ಲಿ ಪಾಠ ಕತೆಯಾಗಿರುತ್ತಿತ್ತು.

ಆ ಕತೆಗಳೆಲ್ಲ ಸಿಂಧುವಿಗಾಗಿ. ದೇವನಹಳ್ಳಿಯಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ವರ್ಷ ಅದು. ರಸ್ತೆ ಅಗಲವಾಗುತ್ತಿತ್ತು, ಊರಿನ ಜನ ಮಕ್ಕಳನ್ನು ಯಲಹಂಕದ ಇಂಗ್ಲಿಷ್ ಶಾಲೆಗಳಿಗೆ ವ್ಯಾನಿನಲ್ಲಿ ಕಳಿಸಲು ಶುರು ಮಾಡಿ ಕೆಲವು ವರ್ಷವಾಗಿತ್ತು, ನಮ್ಮನ್ನೂ ಕಳಿಸುತ್ತಿದ್ದರು. ನಾನು ಆರನೇ ಕ್ಲಾಸು, ಸಿಂಧು ಮೂರು. ಅವಳಿಗೆ ಓದು ಹತ್ತುತ್ತಿರಲಿಲ್ಲ. ಅಕ್ಷರಗಳು ಅವಳ ಕಣ್ಣ ಮುಂದೆ ತಿರುಗಿ ನಿಲ್ಲುತ್ತಿದ್ದವು. ಇಂಗ್ಲಿಷಿನ ಸಣ್ಣ ಬಿ ಬರೆ ಎಂದರೆ ಸಣ್ಣ ಡಿ ಬರೆಯುತ್ತಿದ್ದಳು. ತಿದ್ದಿ ತಿದ್ದಿ ನೋಟುಬುಕ್ಕಿನ ಹಾಳೆ ತೂತಾಗುತ್ತಿತ್ತು. ಅಮ್ಮ ಹೊಡೆದಳು, ನಾನೂ ಹೊಡೆದೆ. ಅತ್ತೆ ಒಂದು ದಿನ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಆ ಎರಡು ಅಕ್ಷರ ಬರೆದಳು. "ನೋಡವ್ವ, ಇಬ್ರೂ ಸಂತೆಗೆ ಓಯ್ತಾವ್ರೆ, ಇತ್ಲಾಗೆ, ಬಲಗಡೆಗೆ. ಇವ್ಳು ಬಸುರಿ. ಒಟ್ಟೆ ಮುಂದಕ್ಕೈತೆ. ಬ, ಬಸುರಿ. ಇವ್ನು ದಾಸಯ್ಯ. ಜೋಳಿಗೆ ಬೆನ್ನಿಂದೆ ಐತೆ. ಡಿ ಅನ್ನು, ದಾಸಯ್ಯ ಅನ್ನು." ಸಿಂಧು ಎರಡು ಅಕ್ಷರಗಳನ್ನೂ ದಿಟ್ಟಿಸಿ ನೋಡಿದಳು. ಬಸುರಿಗೆ ಯಾವಾಗ ಮಗು ಆಗುತ್ತದೆ ಎಂದು ಕೇಳಿದಳು. ಅವತ್ತಿನಿಂದ ಆ ಎರಡು ಅಕ್ಷರ ಅವಳಿಗೆ ತಪ್ಪಲಿಲ್ಲ.

ಹೀಗೆ ಒಂದೊಂದೇ. ಫೆಬ್ರವರಿಯಲ್ಲಿ ಯಲಹಂಕದ ವಾಯುನೆಲೆಯಿಂದ ಯುದ್ಧವಿಮಾನಗಳು ನಮ್ಮ ಹೆಂಚಿನ ಮೇಲೆಯೇ ಹಾರಾಡುತ್ತಿದ್ದವು. ವಿಮಾನ ಮುಂದೆ ಹೋಗಿಬಿಟ್ಟ ಮೇಲೆ ಸದ್ದು ಬರುತ್ತಿತ್ತು, ಪಾತ್ರೆಗಳು ಅದುರುತ್ತಿದ್ದವು. ಅತ್ತೆ ಅದಕ್ಕೂ ಕತೆ ಮಾಡಿದಳು. ಬೆಳಕು, ಸದ್ದು ಅಣ್ಣ ತಮ್ಮಂದಿರು, ಒಟ್ಟಿಗೇ ಮನೆ ಬಿಡುತ್ತಾರೆ, ಬೆಳಕಣ್ಣ ಬರಿಗೈಯಲ್ಲಿ ಓಡಿ ಬರುತ್ತಾನೆ, ಸದ್ದಪ್ಪ ಮೂಟೆ ಹೊತ್ತುಕೊಂಡು ಏದುಸಿರು ಬಿಡುತ್ತಾ ಬರುತ್ತಾನೆ. ನನಗೆ ಅದೇ ಪಾಠ ಎರಡು ವರ್ಷದ ನಂತರ ಶಾಲೆಯಲ್ಲಿ ಬಂದಾಗ ಹೊಸದಾಗಿ ಕಲಿಯಲು ಏನೂ ಇರಲಿಲ್ಲ. ಆದರೆ ಆಗ ನಾನು ಆ ಕತೆಗಳನ್ನು ದೂರದಲ್ಲಿ ಕೂತು ಕೇಳುತ್ತಿದ್ದೆ, ಪುಸ್ತಕ ಓದುವವಳ ಹಾಗೆ ನಟಿಸುತ್ತಾ. ಕೇಳುತ್ತಿದ್ದೇನೆ ಎಂದು ತೋರಿಸಿಕೊಳ್ಳಲು ನಾಚಿಕೆ.

ಆ ನಾಚಿಕೆಗೆ ಕಾರಣವಿತ್ತು. ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹಕಾರ ಬರುತ್ತಿರಲಿಲ್ಲ. ಹಾಲು ಆಲಾಗಿತ್ತು, ಹೂವು ಊವಾಗಿತ್ತು, ಹಳ್ಳಿ ಅಳ್ಳಿಯಾಗಿತ್ತು. ಶಾಲೆಗೆ ಸೇರಿದ ಹೊಸದರಲ್ಲಿ ನಾನು ಕ್ಲಾಸಿನಲ್ಲಿ ಎದ್ದು ನಿಂತು "ಊವು" ಎಂದಾಗ ಇಡೀ ಕ್ಲಾಸು ನಕ್ಕಿತ್ತು. ಅಲ್ಲಿಂದ ಮುಂದೆ ನಾನು ಬಚ್ಚಲುಮನೆಯಲ್ಲಿ ನೀರಿನ ಸದ್ದಿನ ಮರೆಯಲ್ಲಿ ಹ, ಹಾ, ಹಿ, ಹೀ ಎಂದು ಹೇಳಿ ಹೇಳಿ ಕಲಿತಿದ್ದೆ. ಮೂರು ವರ್ಷ ಹಿಡಿಯಿತು. ಇಂಗ್ಲಿಷನ್ನೂ ಹಾಗೆಯೇ ಕಚ್ಚಿ ಹಿಡಿದು ಕಲಿತೆ. ಶಾಲೆಯಲ್ಲಿ ನಾನು ಒಬ್ಬಳು, ಮನೆಯಲ್ಲಿ ಇನ್ನೊಬ್ಬಳು. ಇಬ್ಬರೂ ಒಂದೇ ಕಡೆ ಸಿಕ್ಕಿಬೀಳದಂತೆ ನೋಡಿಕೊಳ್ಳುತ್ತಿದ್ದೆ.

ಅರ್ಧವಾರ್ಷಿಕ ಪರೀಕ್ಷೆಗೆ ಸಿಂಧುವಿನ ಪಾಠದಲ್ಲಿ ಗಿಡದ ಭಾಗಗಳು ಇದ್ದವು. ಬೇರು, ಕಾಂಡ, ಎಲೆ. ಅದೇ ಹೊತ್ತಿಗೆ ತೋಟದಲ್ಲಿ ಬಳ್ಳಿ ಕತ್ತರಿಸುವ ಕೆಲಸ ನಡೆಯುತ್ತಿತ್ತು. ಹಳೆಯ ರೆಂಬೆಗಳನ್ನೆಲ್ಲ ಸವರಿಬಿಟ್ಟರೆ ಹೊಸ ಚಿಗುರು, ಹೊಸ ಗೊನೆ. ಕತ್ತರಿಸಿದ ಎರಡು ಮೂರು ದಿನ ಬಳ್ಳಿಯ ತುದಿಗಳಿಂದ ನೀರು ತೊಟ್ಟಿಕ್ಕುತ್ತದೆ. ನೋಡಿದ್ದೀರೋ ಇಲ್ಲವೋ, ಬೋಳು ಚಪ್ಪರದ ಕೆಳಗೆ ನಿಂತರೆ ತಲೆಯ ಮೇಲೆ ತಣ್ಣನೆಯ ಹನಿ ಬೀಳುತ್ತದೆ, ಮಳೆಯೇ ಇಲ್ಲದೆ. ಸಿಂಧು ಅದು ಯಾಕೆಂದು ಕೇಳಿದಳು. ಅತ್ತೆ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಂಬಕ್ಕೆ ಒರಗಿ ಕೂತಳು. ನಾನು ಪಕ್ಕದ ಸಾಲಿನಲ್ಲಿ ಕಡ್ಡಿ ಆಯುತ್ತಿದ್ದೆ.

ಬೇರಿನ ಹೆಸರು ಮುನಿಯಣ್ಣ. ಎಲೆಯ ಹೆಸರು ಎಲ್ಲಮ್ಮ. ಒಂದೇ ಬೀಜದಲ್ಲಿ ಹುಟ್ಟಿದ ಅಣ್ಣ ತಂಗಿ. ಹುಟ್ಟಿದ ದಿನವೇ ಅಣ್ಣ ಕೆಳಗೆ ಹೋದ, ತಂಗಿ ಮೇಲೆ ಹೋದಳು. ಮತ್ತೆ ಒಬ್ಬರ ಮುಖ ಒಬ್ಬರು ನೋಡಿಲ್ಲ. ಅಣ್ಣನಿಗೆ ಬಿಸಿಲು ಅಂದರೇನೆಂದೇ ಗೊತ್ತಿಲ್ಲ. ಕತ್ತಲಲ್ಲಿ ತಡವಿ ತಡವಿ ನೀರು ಹುಡುಕಿ ತಂಗಿಗೆ ಕಳಿಸುತ್ತಾನೆ. ಕಾಂಡವೇ ಬಾಗಲೂರು ಬಸ್ಸು. ತಂಗಿ ಆ ನೀರಿಟ್ಟು ಬಿಸಿಲಿನ ಒಲೆಯ ಮೇಲೆ ಪಾಯಸ ಮಾಡಿ, ಅದೇ ಬಸ್ಸಿನಲ್ಲಿ ಅಣ್ಣನಿಗೆ ಕಳಿಸುತ್ತಾಳೆ. ನೀರು ಕುಡಿದರೆ ಅವಳಿಗೆ ಅಣ್ಣ ನೆನಪಾಗುತ್ತಾನೆ, ಪಾಯಸ ತಿಂದರೆ ಅವನಿಗೆ ತಂಗಿ ನೆನಪಾಗುತ್ತಾಳೆ. ಈಗ ನಾವು ಕತ್ತರಿ ಹಾಕಿದೆವಲ್ಲ, ಎಲ್ಲಮ್ಮ ಇಲ್ಲ. ಆದರೆ ನೆಲದೊಳಗಿರುವವನಿಗೆ ಹೇಳುವವರು ಯಾರು? ಅವನು ನೀರು ಕಳಿಸುತ್ತಲೇ ಇದ್ದಾನೆ. ತೆಗೆದುಕೊಳ್ಳುವವರಿಲ್ಲದೆ ನೀರು ತುದಿಯಲ್ಲಿ ಸೋರುತ್ತಿದೆ.

"ಯಾರೂ ಏಳಲ್ವಾ ಅವ್ನಿಗೆ?" ಎಂದು ಕೇಳಿದಳು ಸಿಂಧು. ಅವಳ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು.

"ಏಳಾದ್ ಬ್ಯಾಡ ಬುಡವ್ವ. ಇನ್ನೆಂಟ್ ದಿನಕ್ಕೆ ಇನ್ನೊಬ್ಳು ತಂಗಿ ಉಟ್ತಾಳೆ. ಅವ್ಳ್ಗೂ ನೀರ್ ಬೇಕಲ್ಲ" ಎಂದು ಅತ್ತೆ ಎದ್ದು, ಸೀರೆಗೆ ಅಂಟಿದ ಮಣ್ಣು ಕೊಡವಿಕೊಂಡಳು.

ಪರೀಕ್ಷೆಯಲ್ಲಿ ಸಿಂಧು ಬರೆಯಲಿಲ್ಲ. ಬರೆಯಲು ಅವಳಿಗೆ ಇಂಗ್ಲಿಷ್ ಮಾತು ಇರಲಿಲ್ಲ. ಖಾಲಿ ಹಾಳೆಯಲ್ಲಿ ಒಂದು ಬಳ್ಳಿಯ ಚಿತ್ರ ಬರೆದು ಕೊಟ್ಟು ಬಂದಿದ್ದಳು. ವಾರ ಕಳೆದ ಮೇಲೆ ಹೆಡ್ ಮಿಸ್ ಅಪ್ಪನನ್ನು ಬರಹೇಳಿದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಅವರ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಕುರ್ಚಿಯ ಅಂಚಿನಲ್ಲಿ ಕೂತರು. ಹೆಡ್ ಮಿಸ್ ಕನ್ನಡ ಬಾರದವರು. ಅಪ್ಪನಿಗೆ ಇಂಗ್ಲಿಷ್ ಬಾರದು. ಹಾಗಾಗಿ ನನ್ನನ್ನು ಕ್ಲಾಸಿನಿಂದ ಕರೆಸಿದರು. ಆಕೆ ಕೆಟ್ಟವರೇನಲ್ಲ, ಈಗ ನೆನೆಸಿಕೊಂಡರೆ ದಣಿದ ಹೆಂಗಸು ಅನ್ನಿಸುತ್ತದೆ. ಮಗುವನ್ನು ಮುಂದಿನ ಕ್ಲಾಸಿಗೆ ಕಳಿಸುವುದು ಕಷ್ಟ, ಆದರೂ ಬಾಯಲ್ಲಿ ಕೇಳಿ ನೋಡೋಣ, ತಿಳಿದಿದ್ದರೆ ಇಟ್ಟುಕೊಳ್ಳುತ್ತೇವೆ ಎಂದರು. ಅದನ್ನು ನಾನು ಅಪ್ಪನಿಗೆ ಸರಿಯಾಗಿಯೇ ಹೇಳಿದೆ. ಆಮೇಲೆ ಅವರು ಸಿಂಧುವಿನ ಕಡೆ ಬಾಗಿ, ಬೇರು ಏನು ಮಾಡುತ್ತದೆ ಎಂದು ಕೇಳಿದರು. ಅದನ್ನೂ ಸಿಂಧುವಿಗೆ ಸರಿಯಾಗಿ ಹೇಳಿದೆ.

ಸಿಂಧುವಿನ ಮುಖ ಅರಳಿತು. ಆ ಕೋಣೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ಮಾತಾಡುತ್ತಾಳೆಂದು ನಾನು ಎಣಿಸಿರಲಿಲ್ಲ.

"ಬೇರು ಅಂದ್ರೆ ಮುನಿಯಣ್ಣ ಮಿಸ್. ಅವ್ನು ಕತ್ಲಾಗೇ ಇರ್ತಾನೆ. ನೀರ್ ಉಡುಕಿ ಉಡುಕಿ ತಂಗಿಗೆ ಕಳಿಸ್ತಾನೆ. ತಂಗಿ ಎಲ್ಲಮ್ಮ ಮ್ಯಾಲವ್ಳೆ. ಅವ್ಳು ಬಿಸ್ಲಲ್ಲಿ ಅಡುಗೆ ಮಾಡಿ ಅವ್ನಿಗೆ ಇಂಗೆ ಕೆಳುಕ್ ಕಳಿಸ್ತಾಳೆ. ಅವ್ಳುನ್ನ ಕತ್ತರ್ಸಿದ್ರೂ ಅವ್ನಿಗೆ ಗೊತ್ತಾಗಲ್ಲ. ನೀರ್ ಕಳಿಸ್ತಾನೇ ಇರ್ತಾನೆ."

ಒಂದೂ ಬಿಡದೆ ಹೇಳಿದಳು. ಬೇರಿನ ಕೆಲಸ, ಕಾಂಡದ ಕೆಲಸ, ಎಲೆ ಆಹಾರ ಮಾಡುವುದು, ಎಲ್ಲವೂ ಅದರಲ್ಲಿತ್ತು. ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಇತ್ತು. ಹೆಡ್ ಮಿಸ್ ಅವಳ ಕೈಗಳ ಆಟ ನೋಡಿ ಮುಗುಳ್ನಕ್ಕು, ಏನು ಹೇಳುತ್ತಿದ್ದಾಳೆ ಎಂದು ನನ್ನನ್ನು ಕೇಳಿದರು. ಬಾಗಿಲಲ್ಲಿ ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಹಾಜರಿ ಪುಸ್ತಕ ಹಿಡಿದು ನಿಂತಿದ್ದರು. "ಉಡುಕಿ ಉಡುಕಿ" ಎಂದು ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು. ಅವಳು ಓದಿಕೊಂಡು ಬಂದಿಲ್ಲ ಮಿಸ್, ಸುಮ್ಮನೆ ಏನೋ ಕತೆ ಹೇಳುತ್ತಿದ್ದಾಳೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಳ್ಳೆಯ ಇಂಗ್ಲಿಷಿನಲ್ಲಿ, ಒಂದು ತಪ್ಪೂ ಇಲ್ಲದೆ.

ಹೆಡ್ ಮಿಸ್ ಸಿಂಧುವಿನ ತಲೆ ಸವರಿ, ನಿಟ್ಟುಸಿರು ಬಿಟ್ಟು, ಮುಂದಿನ ವರ್ಷಕ್ಕೆ ಬೇರೆ ಶಾಲೆ ನೋಡಿಕೊಳ್ಳುವುದು ಒಳ್ಳೆಯದು ಎಂದರು. "ಏನಂದ್ರವ್ವ?" ಎಂದು ಅಪ್ಪ ಕೇಳಿದರು. ಉತ್ತರ ಕೇಳಿದರೆ ಕತೆ ಹೇಳುತ್ತಾಳಲ್ಲ, ಬೇರೆ ಶಾಲೆ ನೋಡಿಕೊಳ್ಳಿ ಅಂದರು ಎಂದೆ. ಅದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸುಲಭವಾಗಿ ಬಂತು.

ಬಸ್ಸಿನಲ್ಲಿ ಮನೆಗೆ ಬರುವಾಗ ಸಿಂಧು ಅಪ್ಪನ ತೊಡೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಇವಳಿಗೆ ಗೊತ್ತಾಗಿದೆ ಎಂದುಕೊಂಡೆ. ಆ ನೋಟವನ್ನು ತಪ್ಪಿಸಿಕೊಳ್ಳಲು ಕಿಟಕಿಯ ಹೊರಗೆ ಕಣ್ಣು ನೆಟ್ಟೆ. ಆಮೇಲೆ ಹನ್ನೊಂದು ವರ್ಷ ಅದೇ ನೋಟವನ್ನು ತಪ್ಪಿಸಿಕೊಂಡು ಬದುಕಿದೆ.

ಅತ್ತೆ ಅಂಗಳದಲ್ಲೇ ಕಾಯುತ್ತಿದ್ದಳು. "ಏಳಿದ್ಲಾ? ಟೀಚರಮ್ಮ ಕೇಳುದ್ರಾ?" ಎಂದು ಓಡಿ ಬಂದಳು. ಅಪ್ಪ ಯಾವತ್ತೂ ತಂಗಿಯ ಮೇಲೆ ದನಿ ಎತ್ತಿದವರಲ್ಲ. ಅವತ್ತು ಎತ್ತಿದರು.

"ಕೇಳುದ್ರು. ಪಾಠ ಕೇಳುದ್ರೆ ಮಗ ಮುನಿಯಣ್ಣ ಎಲ್ಲಮ್ಮ ಅಂತಾಳೆ. ನಿನ್ ಕತೆಯಿಂದ್ಲೇ ಆಳಾಗಿದ್ದು ಅದು. ಇನ್ ಮ್ಯಾಲೆ ಬಾಯ್ ಬುಟ್ಟೀಯ ಅದ್ರ ಮುಂದೆ!"

ಅತ್ತೆಯ ಕೈಯಲ್ಲಿ ಮೊರ ಇತ್ತು. ಅದನ್ನು ಜಗುಲಿಯ ಮೇಲೆ ಇಟ್ಟಳು. ಆಮೇಲೆ ನನ್ನ ಕಡೆ ನೋಡಿದಳು. ನಾನು ದೊಡ್ಡವಳು, ಇಂಗ್ಲಿಷ್ ಬಲ್ಲವಳು, ಅಲ್ಲಿದ್ದವಳು. ನಾನು ಏನಾದರೂ ಹೇಳುತ್ತೇನೆಂದು ಕಾದಳು. ಶೂ ಬಿಚ್ಚುವ ನೆಪದಲ್ಲಿ ನಾನು ಬಗ್ಗಿಕೊಂಡೆ.

ಮಾರನೆಯ ದಿನ ಸಂಜೆ ಸಿಂಧು ಅತ್ತೆಯ ಸೆರಗು ಹಿಡಿದು ಕತೆ ಕೇಳಿದಳು. "ಕತೆ ಎಲ್ಲಾ ಮುಗ್ದೋಯ್ತು ಕಣವ್ವ" ಎಂದಳು ಅತ್ತೆ. ಸಿಂಧು ನಂಬಲಿಲ್ಲ, ಅತ್ತಳು, ಹಠ ಮಾಡಿದಳು. ಅತ್ತೆ ಅವಳನ್ನು ಕೂರಿಸಿ, ನನ್ನಿಂದ ಬೇರಿನ ಉತ್ತರವನ್ನು ಹಲಗೆಯ ಮೇಲೆ ಬರೆಸಿ, ಅದನ್ನು ಹತ್ತು ಸಲ ಬರೆಯುವಂತೆ ಹೇಳಿದಳು. ತನಗೆ ಓದಲು ಬಾರದ ಅಕ್ಷರಗಳ ಮೇಲೆ ಬೆರಳಿಟ್ಟು, ಸಾಲು ಸಾಲಾಗಿ ಎಣಿಸುತ್ತಾ ಪಕ್ಕದಲ್ಲಿ ಕೂತಳು. ಸಿಂಧು ಹತ್ತೂ ಸಲ ತಪ್ಪು ಬರೆದಳು. ಹಾಗೆ ನಮ್ಮ ಮನೆಯಲ್ಲಿ ಕತೆ ನಿಂತಿತು. ಯಾವ ಗದ್ದಲವೂ ಆಗಲಿಲ್ಲ. ಯಾರಾದರೂ ದೂರದ ಊರಿಗೆ ಹೋದ ಮೇಲೆ ಮನೆ ಇರುತ್ತದಲ್ಲ, ಹಾಗೆ ಇತ್ತು ನಮ್ಮ ಮನೆ. ಉಣ್ಣುತ್ತಿದ್ದೆವು, ಮಲಗುತ್ತಿದ್ದೆವು. ತೋಟದಲ್ಲಿ ಹೊಸ ಚಿಗುರು ಬಂತು. ಅದನ್ನು ಯಾರೂ ಯಾರಿಗೂ ತೋರಿಸಲಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಸಿಂಧುವನ್ನು ಊರಿನ ಸರ್ಕಾರಿ ಶಾಲೆಗೆ ಹಾಕಿದರು. ಮೊದಲ ದಿನ ಅವಳ ಕೈ ಹಿಡಿದು ಕರೆದುಕೊಂಡು ಹೋದವಳು ಅತ್ತೆ. ಹೋದವಳು ಅಲ್ಲೇ ಬಿಸಿಯೂಟದ ಅಡುಗೆ ಕೆಲಸಕ್ಕೆ ಸೇರಿಕೊಂಡಳು. ಮಗುವಿನ ಹತ್ತಿರ ಇರಬೇಕೆಂದೋ, ಅಪ್ಪನ ಕಣ್ಣಿಂದ ದೂರ ಇರಬೇಕೆಂದೋ, ಕೇಳುವಷ್ಟು ನಾನು ಅವಳಿಗೆ ಹತ್ತಿರ ಉಳಿದಿರಲಿಲ್ಲ. ಅಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಬಂದಾಗ ಅವಳು ಎಲ್ಲರ ಹೆಸರು ಹಿಡಿದು ಕರೆದು ಬಡಿಸುತ್ತಿದ್ದಳಂತೆ, ಆದರೆ ಬೇರೆ ಮಾತಾಡುತ್ತಿರಲಿಲ್ಲವಂತೆ. ಎರಡು ವರ್ಷಕ್ಕೆ ತಾತ ಹೋದರು. ತಾತ ಹೋದ ಮೇಲೆ ತೋಟ ಲೇಔಟಿನವರ ಪಾಲಾಯಿತು. ಜೆಸಿಬಿ ಬಂದ ದಿನ ನಾವೆಲ್ಲ ಅಂಗಳದಲ್ಲಿ ನಿಂತು ನೋಡಿದೆವು. ಕಲ್ಲುಕಂಬಗಳನ್ನು ಒಂದೊಂದಾಗಿ ಕಿತ್ತು ರಸ್ತೆ ಬದಿಗೆ ಒಟ್ಟಿದರು. ತಂತಿ ಸುರುಳಿ ಸುತ್ತಿಕೊಂಡು ಬಿತ್ತು. ಬಳ್ಳಿಗಳು ಬೇರು ಸಮೇತ ಮೇಲೆ ಬಂದವು, ಮಣ್ಣಿನ ದೊಡ್ಡ ಹೆಂಟೆಗಳನ್ನು ಕಚ್ಚಿಕೊಂಡು. ಅಜ್ಜಿ ಒಳಗೆ ಹೋದಳು. ಅತ್ತೆ ಕೊನೆಯವರೆಗೂ ನಿಂತಿದ್ದಳು. ಅವಳ ಪಕ್ಕ ನಿಂತಿದ್ದ ಸಿಂಧು ಏನೋ ಕೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಳು. ಮನೆಯನ್ನೂ ಕೆಡವಿದ ಮೇಲೆ ನಾವು ಯಲಹಂಕದಲ್ಲಿ ಮಹಡಿ ಮನೆ ಕಟ್ಟಿಕೊಂಡು ಬಂದೆವು. ಗ್ರಾನೈಟ್ ನೆಲ, ದೊಡ್ಡ ಕಿಟಕಿಗಳು. ಅಜ್ಜಿ ಅಲ್ಲಿ ಒಂದೇ ಚಳಿಗಾಲ ಬದುಕಿದಳು.

ನಾನು ಡಿಗ್ರಿ ಮುಗಿಸಿ ಶಿಕ್ಷಕಿಯಾಗುವ ತರಬೇತಿಗೆ ಸೇರಿದ ವರ್ಷ ಅತ್ತೆಗೆ ಕಾಯಿಲೆ ಎಂದು ಗೊತ್ತಾಯಿತು. ಎದೆಯಲ್ಲಿ ಗಂಟು. ಅದನ್ನು ಅವಳು ವರ್ಷಕ್ಕೂ ಮೇಲೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಹೆಬ್ಬಾಳದ ಆಚೆಯ ಆಸ್ಪತ್ರೆಗೆ ಮೂರು ವಾರಕ್ಕೊಮ್ಮೆ ಹೋಗಬೇಕಿತ್ತು. ಅಪ್ಪನಿಗೆ ಆಸ್ಪತ್ರೆಯ ಫಾರಂಗಳು ತಿಳಿಯುತ್ತಿರಲಿಲ್ಲ, ಹಾಗಾಗಿ ನಾನೇ ಹೋಗುತ್ತಿದ್ದೆ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅವಳು ನನ್ನ ಬಾಯನ್ನೇ ನೋಡುತ್ತಾ ಕೇಳುತ್ತಿದ್ದಳು, ಒಂದು ಮಾತನ್ನೂ ಅನುಮಾನಿಸದೆ. ಕೂದಲು ಉದುರಿತ್ತು. ತಲೆಗೆ ಹಳೆಯ ಹತ್ತಿ ಸೀರೆಯ ತುಂಡು ಸುತ್ತಿಕೊಳ್ಳುತ್ತಿದ್ದಳು.

ಒಮ್ಮೆ ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಕೆಳಗೆ ಕೆರೆ, ನೀರಿನ ಮೇಲೆ ಬಿಳಿ ಹಕ್ಕಿಗಳು. ಅತ್ತೆ ತಲೆಯನ್ನು ಕಿಟಕಿಯ ಸರಳಿಗೆ ಒರಗಿಸಿ ಕೂತಿದ್ದಳು. ಇದ್ದಕ್ಕಿದ್ದಂತೆ ಮಾತಾಡಿದಳು.

"ಸಿಂಧೂನ ನಾನೇ ಆಳ್ ಮಾಡ್ದೆ ಕಣೆ ಸೌಮಿ. ಆ ಸ್ಕೂಲಲ್ಲೇ ಇದ್ದಿದ್ರೆ ನಿನ್ನಂಗಿರೋಳು ಇವತ್ತು. ಏನೂ ತಿಳೀದೋಳು ನಾನು, ಕತೆ ಏಳಕ್ ಓದೆ."

ಆಗ ಹೇಳಬಹುದಿತ್ತು. ಬಸ್ಸು ನಿಂತಿತ್ತು, ಸೀಟಿನಲ್ಲಿ ನಾವಿಬ್ಬರೇ ಇದ್ದೆವು, ಹೇಳಲು ಎರಡು ವಾಕ್ಯ ಸಾಕಾಗಿತ್ತು. "ಹಂಗೇನಿಲ್ಲ ಅತ್ತೆ" ಎಂದೆ. ಅವಳು ತಲೆಯಾಡಿಸಿದಳು. ಸಮಾಧಾನಕ್ಕೆ ಆಡಿದ ಮಾತು ಎಂದು ಅವಳಿಗೆ ತಿಳಿಯಿತು, ನನಗೂ ತಿಳಿಯಿತು. ಬಸ್ಸು ಹೊರಟಿತು. ಮುಂದಿನ ಸಲ ಹೇಳೋಣ ಎಂದುಕೊಂಡೆ. ಆಮೇಲೆ ಐದು ಸಲ ಹೋದೆವು. ಆರನೆಯದಕ್ಕೆ ಹೋಗುವ ಅಗತ್ಯ ಬೀಳಲಿಲ್ಲ.

ಅವಳು ಹೋದ ಬೆಳಿಗ್ಗೆ ಅಪ್ಪ ನೆಲದ ಮೇಲೆ ಕೂತು ದೊಡ್ಡ ದನಿಯಲ್ಲಿ ಅತ್ತರು. ಸಿಂಧು ಅತ್ತೆಯ ಪಾದ ಹಿಡಿದುಕೊಂಡು ಬಿಡಲಿಲ್ಲ. ಅತ್ತೆ ಬಡಿಸುತ್ತಿದ್ದ ಸರ್ಕಾರಿ ಶಾಲೆಯ ಮಕ್ಕಳು ಊರಿನಿಂದ ಯೂನಿಫಾರಂನಲ್ಲೇ ಬಂದು ಬೀದಿಯಲ್ಲಿ ನಿಂತಿದ್ದರು. ನಾನು ಬಂದವರಿಗೆ ಕುರ್ಚಿ ಹಾಕಿದೆ, ಕಾಫಿಗೆ ಲೋಟ ಜೋಡಿಸಿದೆ, ಹೂವಿನವರಿಗೆ ಫೋನ್ ಮಾಡಿದೆ. ಎಷ್ಟು ಗಟ್ಟಿ ಹುಡುಗಿ ಎಂದು ಯಾರೋ ಅಂದರು. ಗಟ್ಟಿತನವಲ್ಲ ಅದು. ಹಲ್ಲು ಕೀಳುವ ಮೊದಲು ಸೂಜಿ ಕೊಟ್ಟಾಗ ತುಟಿ ದಪ್ಪಗಾಗುತ್ತದಲ್ಲ, ಮುಟ್ಟಿದರೂ ಬೇರೆ ಯಾರದೋ ತುಟಿ ಅನ್ನಿಸುತ್ತದಲ್ಲ, ಹಾಗೆ. ನನಗೆ ಅದು ಇನ್ನೂ ಪೂರ್ತಿ ಬಿಟ್ಟಿಲ್ಲ.

ಎರಡು ತಿಂಗಳ ನಂತರ ತರಬೇತಿ ಕಾಲೇಜಿನಲ್ಲಿ ಕಥನ ಪದ್ಧತಿಯ ಪಾಠ ಬಂತು. ಕತೆಯ ಮೂಲಕ ಕಲಿಸಿದರೆ ಮಗುವಿನ ಗಮನ ನಿಲ್ಲುತ್ತದೆ, ನೆನಪು ಉಳಿಯುತ್ತದೆ, ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಸೇತುವೆಯಾಗುತ್ತದೆ ಎಂದು ಮೇಡಂ ಬರೆಸಿದರು. ನಾನು ದುಂಡಗೆ ಬರೆದುಕೊಂಡೆ. ಪ್ರತಿಯೊಬ್ಬರೂ ಒಂದು ಪಾಠವನ್ನು ಕತೆ ಮಾಡಿ ತರಬೇಕು ಎಂದರು. ನನ್ನ ಪಾಲಿಗೆ ಬಂದ ಚೀಟಿಯಲ್ಲಿ ಗಿಡದ ಭಾಗಗಳು ಎಂದು ಇತ್ತು. ನನಗೆ ಬೇರೆ ಕತೆ ಹೊಳೆಯಲಿಲ್ಲ ಎಂದರೆ ನೀವು ನಂಬಬೇಕು. ಚಾರ್ಟಿನ ಮೇಲೆ ಬಳ್ಳಿ ಬರೆದುಕೊಂಡು ಹೋಗಿ, ಮುನಿಯಣ್ಣ ಎಲ್ಲಮ್ಮನ ಕತೆಯನ್ನು ಹೇಳಿದೆ. ಹುಡುಕಿ ಹುಡುಕಿ ಎಂದೆ, ಹೀಗೆ ಎಂದೆ, ಹುಟ್ಟುತ್ತಾಳೆ ಎಂದೆ, ಎಲ್ಲ ಹಕಾರಗಳನ್ನೂ ಅದರದರ ಜಾಗದಲ್ಲಿಟ್ಟು. ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಬೆಂಚಿನ ಒಬ್ಬಳು ಕಣ್ಣೊರೆಸಿಕೊಂಡಳು.

"ತುಂಬಾ ಚೆನ್ನಾಗಿದೆ ಸೌಮ್ಯ. ಎಲ್ಲಿಂದ ತಗೊಂಡ್ರಿ?" ಎಂದು ಕ್ಲಾಸಿನ ಮುಂದೆಯೇ ಕೇಳಿದರು ಮೇಡಂ.

"ನಾನೇ ಮಾಡಿದ್ದು ಮೇಡಂ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಅವತ್ತಿನ ಹಾಗೆಯೇ ತಾನಾಗಿ ಬಂತು, ಒಂದು ತಪ್ಪೂ ಇಲ್ಲದೆ. ಬೆಂಚಿಗೆ ಬಂದು ಕೂತೆ. ಮಧ್ಯಾಹ್ನದ ಕ್ಲಾಸಿಗೆ ನಿಲ್ಲದೆ ಮನೆಗೆ ಬಂದೆ.

ಸಿಂಧು ಮನೆಯಲ್ಲಿದ್ದಳು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ಪಿಯುಸಿ ಅರ್ಧಕ್ಕೆ ಬಿಟ್ಟು, ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ್ದಳು. ಪೆಟ್ಟಿಗೆಗಳ ಮೇಲೆ ಚೀಟಿ ಅಂಟಿಸುವುದು. ಮಧ್ಯಾಹ್ನದ ಪಾಳಿಗೆ ತಯಾರಾಗುತ್ತಾ, ಕನ್ನಡಿಯ ಮುಂದೆ ನಿಂತು ಜಡೆ ಹೆಣೆದುಕೊಳ್ಳುತ್ತಿದ್ದಳು. ನಾನು ಚಾರ್ಟನ್ನು ಬಾಗಿಲ ಪಕ್ಕಕ್ಕೆ ಒರಗಿಸಿ, ಅವಳ ಹಿಂದೆ ನಿಂತುಕೊಂಡೇ ಹೇಳಿದೆ.

"ಅವತ್ತು ಹೆಡ್ ಮಿಸ್ ರೂಮಲ್ಲಿ ನೀನು ಹೇಳಿದ್ದನ್ನ ನಾನು ಅವರಿಗೆ ಹೇಳ್ಲೇ ಇಲ್ಲ ಸಿಂಧು."

ಜಡೆ ಹೆಣೆಯುವ ಕೈ ನಿಂತಿತು. "ಯಾವತ್ತು?"

ಎಲ್ಲವನ್ನೂ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿಯರು, ನಾನು ಇಂಗ್ಲಿಷಿನಲ್ಲಿ ಹೇಳಿದ್ದು, ಅಪ್ಪನಿಗೆ ಹೇಳಿದ್ದು, ಕಾಲೇಜಿನಲ್ಲಿ ಬೆಳಿಗ್ಗೆ ಮಾಡಿಬಂದದ್ದು. ಅವಳು ಕನ್ನಡಿಯಲ್ಲೇ ನನ್ನನ್ನು ನೋಡುತ್ತಾ ಕೇಳಿದಳು. "ನಿಂಗೆ ಗೊತ್ತಿತ್ತಲ್ಲ. ಬಸ್ಸಲ್ಲಿ ನನ್ನನ್ನೇ ನೋಡ್ತಾ ಕೂತಿದ್ದೆ" ಎಂದೆ ಕೊನೆಗೆ.

"ನಂಗೆ ಇಂಗ್ಲಿಷ್ ಎಲ್ಲಿ ಬರ್ತಿತ್ತಕ್ಕ?" ಎಂದಳು. "ನೀನು ಎಲ್ಲಾ ಏಳಿದ್ದೀಯ ಅನ್ಕೊಂಡೆ. ಅಷ್ಟುದ್ದ ಕತೇನ ಎರಡೇ ಮಾತಲ್ಲಿ ಎಂಗೇಳುದ್ಲು ಇವ್ಳು ಅಂತ ನೋಡ್ತಿದ್ದೆ. ನೀನ್ ಸರಿಯಾಗೇ ಏಳಿ, ನಾನ್ ಏಳಿದ್ದೇ ತಪ್ಪಿತ್ತೇನೋ ಅನ್ಕೊಂಡಿದ್ದೆ. ಎಲ್ಲೋ ಮಧ್ಯ ಮರ್ತಿದ್ದೀನಿ, ಅದ್ಕೆ ಫೇಲಾಗಿದ್ದು ಅಂತ."

ಮಂಚದ ಅಂಚಿನಲ್ಲಿ ಕೂತೆ.

"ಅಂಗಾದ್ರೆ ನಾನ್ ಏಳಿದ್ದು ಸರಿ ಇತ್ತಾ?" ಎಂದು ಕೇಳಿದಳು. ಹತ್ತೊಂಬತ್ತು ವರ್ಷದ ಹುಡುಗಿ, ಮೂರನೇ ಕ್ಲಾಸಿನ ಪರೀಕ್ಷೆಯ ಫಲಿತಾಂಶ ಕೇಳುತ್ತಿದ್ದಳು.

"ಸರಿ ಇತ್ತು. ಒಂದು ಮಾತೂ ತಪ್ಪಿರಲಿಲ್ಲ."

ಅವಳು ಜಡೆಯ ತುದಿಗೆ ರಬ್ಬರ್ ಹಾಕಿಕೊಂಡಳು. ತಿರುಗದೆಯೇ ಕೇಳಿದಳು. "ಅತ್ತೆಗೆ ಏಳಿದ್ಯಾ?"

"ಇಲ್ಲ."

ಅವಳು ಗುರುತಿನ ಚೀಟಿಯನ್ನು ಕತ್ತಿಗೆ ಹಾಕಿಕೊಂಡು, ಊಟದ ಡಬ್ಬಿಯನ್ನು ಚೀಲಕ್ಕೆ ಇಟ್ಟುಕೊಂಡಳು. ಕೆಳಗೆ ಕಂಪನಿಯ ವ್ಯಾನು ಹಾರ್ನ್ ಮಾಡಿತು. ಬಾಗಿಲು ದಾಟುವಾಗ ಒಂದು ಕ್ಷಣ ನಿಂತಳು, ಏನೋ ಹೇಳುತ್ತಾಳೆಂದು ನಾನು ತಲೆ ಎತ್ತಿದೆ. "ಕುಕ್ಕರಲ್ಲಿ ಅನ್ನ ಐತೆ, ಉಣ್ಣು" ಎಂದಳು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಇಳಿದು ಹೋಯಿತು. ಆ ವ್ಯಾನು ಬಾಗಲೂರಿನ ದಾರಿಯಲ್ಲೇ ಹೋಗುತ್ತದೆ. ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಒಂದೇ ಥರದ ಇಪ್ಪತ್ತು ಮನೆಗಳಿವೆ. ಅಂಗಳ ಎಲ್ಲಿತ್ತು, ಜಗುಲಿ ಎಲ್ಲಿತ್ತು ಎಂದು ಈಗ ನನಗೂ ಗುರುತು ಹತ್ತುವುದಿಲ್ಲ. ಸಿಂಧು ದಿನಾ ಎರಡು ಸಲ ಅದರ ಮುಂದೆ ಹಾದುಹೋಗುತ್ತಾಳೆ. ನಾನು ತಟ್ಟೆ ಹಾಕಿಕೊಂಡು ಕೂತು ಅನ್ನ ಕಲಸಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಉಪ್ಪು ಹಾಕಿಕೊಳ್ಳುವುದು ಮರೆತಿದ್ದೆ ಎಂದು ಪೂರ್ತಿ ಉಂಡ ಮೇಲೆ ತಿಳಿಯಿತು.